ಮಡಕೆ ಚೂರಿಗೂ ಒಂದು ವಿಳಾಸ: ಲಂಡನ್ನಿನ ಪೀಟ್ರಿ ಮ್ಯೂಸಿಯಂ

ಈಜಿಪ್ಟಿನ ಪ್ರಾಚೀನ ವಸ್ತುಗಳನ್ನು ನೋಡುವ ಆಸೆಯಿಂದ ಲಂಡನ್ನಿಗೆ ಹೋದವರು ಮೊದಲು ಹುಡುಕಿಕೊಂಡು ಹೋಗುವುದು ಬ್ರಿಟಿಷ್ ಮ್ಯೂಸಿಯಂ. ನಿಮ್ಮಲ್ಲಿ ಹಲವರು ಮಗಳ ಮನೆಗೋ ಮಗನ ಮನೆಗೋ ಎಂದು ಆ ಊರಿಗೆ ಹೋದಾಗ, ರೊಸೆಟ್ಟಾ ಶಿಲೆಯ ಮುಂದೆ ನೆರೆದ ಜನರ ಭುಜಗಳ ಸಂದಿಯಿಂದ ಅದನ್ನು ಇಣುಕಿ ನೋಡಿ ಬಂದಿರುತ್ತೀರಿ. ಅಲ್ಲಿಂದ ಉತ್ತರಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಯೂನಿವರ್ಸಿಟಿ ಕಾಲೇಜ್ ಲಂಡನ್ ಸಿಗುತ್ತದೆ. ಅದರ ಆವರಣದ ಮ್ಯಾಲೆಟ್ ಪ್ಲೇಸ್ ಎಂಬ ಓಣಿಯಲ್ಲಿ, ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದ ಮೇಲ್ಭಾಗದಲ್ಲಿ, ಪೀಟ್ರಿ ಮ್ಯೂಸಿಯಂ ಇದೆ. ಈಜಿಪ್ಟ್ ಮತ್ತು ಸುಡಾನಿಗೆ ಸೇರಿದ ಸುಮಾರು 80,000 ವಸ್ತುಗಳು ಅಲ್ಲಿವೆ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಆದರೂ ಲಂಡನ್ನಿನಲ್ಲಿ ವರ್ಷಗಟ್ಟಲೆ ಇದ್ದ ನಮ್ಮವರಲ್ಲಿ ಅದರ ಹೆಸರು ಕೇಳಿದವರು ಕಡಿಮೆ.

ಅಲ್ಲಿಗೆ ಹೋಗುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಚಿನ್ನದ ಮುಖವಾಡ, ಆಳೆತ್ತರದ ಫೇರೋ ವಿಗ್ರಹ, ಸಾಲಾಗಿ ಮಲಗಿಸಿದ ಮಮ್ಮಿಗಳು, ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆಯಾಗುತ್ತದೆ. ಅಲ್ಲಿರುವುದು ಬಹುಪಾಲು ಮಡಕೆ, ಮಣಿ, ಬಾಚಣಿಗೆ, ಸೂಜಿ, ತೂಕದ ಕಲ್ಲು, ಚಪ್ಪಲಿ, ಆಟಿಕೆ, ಹರಿದ ಕಾಗದಪತ್ರ. ಹಳೆಯ ಕಾಲದ ಮರದ ಚೌಕಟ್ಟಿನ ಗಾಜಿನ ಬೀರುಗಳಲ್ಲಿ ಅವನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ಬೆಳಕು ಮಂದ, ಬಟ್ಟೆ ಮತ್ತು ಪಪೈರಸ್ ಎಂಬ ಜೊಂಡಿನ ಹಾಳೆ ಬಣ್ಣಗೆಡದಿರಲು ಹಾಗೆ ಇಟ್ಟಿರುತ್ತಾರೆ. ಒಂದು ಕಾಲಕ್ಕೆ ಬಂದವರ ಕೈಗೆ ಟಾರ್ಚ್ ಕೊಟ್ಟು ಕಳುಹಿಸುತ್ತಿದ್ದರು. ಆದರೆ ನಾಲ್ಕೈದು ಸಾವಿರ ವರ್ಷಗಳ ಹಿಂದೆ ನೈಲ್ ನದಿಯ ದಂಡೆಯಲ್ಲಿ ಜನಸಾಮಾನ್ಯರು ಏನು ಉಟ್ಟರು, ಯಾವ ಪಾತ್ರೆಯಲ್ಲಿ ಉಂಡರು, ಯಾವ ಕಾಯಿಲೆಗೆ ಯಾವ ಮದ್ದು ಮಾಡಿದರು ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಈಜಿಪ್ಟಿನ ಹೊರಗೆ ಬಹಳ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇವೆಲ್ಲ ನಮಗೆ ಗೊತ್ತಾದದ್ದಾದರೂ ಹೇಗೆ ಎಂಬುದನ್ನು ಆ ಮ್ಯೂಸಿಯಂ ತೋರಿಸುತ್ತದೆ. ಈ ಹೊತ್ತು ನಾನು ಮಾತನಾಡಬೇಕೆಂದುಕೊಂಡಿರುವುದು ಅದರ ಬಗ್ಗೆ.

ಮ್ಯೂಸಿಯಂಗೆ ಪೀಟ್ರಿ ಎಂಬ ಪುರಾತತ್ವಜ್ಞರ ಹೆಸರಿದ್ದರೂ ಅದರ ಮೂಲದಲ್ಲಿರುವವರು ಅಮೀಲಿಯಾ ಎಡ್ವರ್ಡ್ಸ್ ಎಂಬ ಮಹಿಳೆ. 1831ರಲ್ಲಿ ಹುಟ್ಟಿದ ಈಕೆ ಕಾದಂಬರಿ ಬರೆದು ಬದುಕು ನಡೆಸಿದವರು. 1873-74ರ ಚಳಿಗಾಲದಲ್ಲಿ ನೈಲ್ ನದಿಯಲ್ಲಿ ದೋಣಿಯ ಮೇಲೆ ಅಬು ಸಿಂಬೆಲ್‌ವರೆಗೆ ಹೋಗಿ ಬಂದರು. ದಾರಿಯುದ್ದಕ್ಕೂ ದೇವಾಲಯಗಳ ಗೋಡೆಗಳನ್ನು ಪ್ರವಾಸಿಗಳು ಗೀಚುವುದನ್ನು, ಸಮಾಧಿಗಳನ್ನು ಕಳ್ಳರು ಒಡೆಯುವುದನ್ನು, ವ್ಯಾಪಾರಿಗಳು ಬೆಲೆಬಾಳುವುದನ್ನು ಕಿತ್ತು ಉಳಿದದ್ದನ್ನು ಬಿಸಾಡುವುದನ್ನು ಕಂಡು ನೊಂದು, ಹಿಂತಿರುಗಿದ ಮೇಲೆ ಉಳಿದ ಬದುಕನ್ನೆಲ್ಲ ಅವನ್ನು ಉಳಿಸುವ ಕೆಲಸಕ್ಕೇ ಮುಡಿಪಿಟ್ಟರು. 1882ರಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್ ಎಂಬ ಸಂಸ್ಥೆ ಹುಟ್ಟಿದ್ದು ಈಕೆಯ ಓಡಾಟದಿಂದ. 1892ರಲ್ಲಿ ತೀರಿಕೊಂಡಾಗ ತಮ್ಮ ಪುಸ್ತಕಗಳನ್ನೂ ನೂರಾರು ಪ್ರಾಚೀನ ವಸ್ತುಗಳನ್ನೂ ಈಜಿಪ್ಟಿನ ಪುರಾತತ್ವಕ್ಕೆ ಒಂದು ಪ್ರಾಧ್ಯಾಪಕ ಪೀಠ ಸ್ಥಾಪಿಸಲು ಬೇಕಾದ ಹಣವನ್ನೂ ಯೂನಿವರ್ಸಿಟಿ ಕಾಲೇಜಿಗೆ ಬರೆದಿಟ್ಟರು. ಆಕ್ಸ್‌ಫರ್ಡನ್ನೂ ಕೇಂಬ್ರಿಡ್ಜನ್ನೂ ಬಿಟ್ಟು ಈ ಕಾಲೇಜನ್ನು ಆರಿಸಿದ್ದಕ್ಕೆ ಕಾರಣವಿತ್ತು: ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾಗಿ ಪದವಿ ಕೊಡುತ್ತಿದ್ದ ಸಂಸ್ಥೆ ಆಗ ಅದಾಗಿತ್ತು.

ಆ ಆಯ್ಕೆ ಫಲ ಕೊಟ್ಟಿತು ಎಂಬುದಕ್ಕೆ ಮಾರ್ಗರೆಟ್ ಮರ್ರೆ ಸಾಕ್ಷಿ. ಈಕೆ ಹುಟ್ಟಿದ್ದು 1863ರಲ್ಲಿ ನಮ್ಮ ಕಲ್ಕತ್ತೆಯಲ್ಲಿ, ಅಲ್ಲಿನ ಆಸ್ಪತ್ರೆಯಲ್ಲಿ ದಾದಿಯಾಗಿ ಕೆಲಸ ಮಾಡಿದವರು. 1894ರಲ್ಲಿ ಈ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಬಂದು, ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಈಜಿಪ್ಟಿನ ಚಿತ್ರಲಿಪಿಯನ್ನು ಕಲಿಸತೊಡಗಿದರು. ಪ್ರಾಧ್ಯಾಪಕರಾದ ಪೀಟ್ರಿ ಪ್ರತಿ ಚಳಿಗಾಲವೂ ಮರಳುಗಾಡಿನಲ್ಲಿ ಅಗೆಯಲು ಹೋಗಿಬಿಟ್ಟಾಗ ಇತ್ತ ವಿಭಾಗದ ಪಾಠಪ್ರವಚನ ನಿಲ್ಲದಂತೆ ನೋಡಿಕೊಂಡು ಒಂದು ತಲೆಮಾರಿನ ಪುರಾತತ್ವಜ್ಞರನ್ನು ತಯಾರು ಮಾಡಿದವರು ಈಕೆ. ನೂರು ವರ್ಷ ತುಂಬಿ, 1963ರಲ್ಲಿ ತೀರಿಕೊಂಡರು.

ಅಮೀಲಿಯಾ ಹಣ ಬರೆದಿಟ್ಟ ಆ ಪೀಠಕ್ಕೆ ಮೊದಲು ನೇಮಕವಾದವರು ಫ್ಲಿಂಡರ್ಸ್ ಪೀಟ್ರಿ. ಶಾಲೆಯ ಶಿಕ್ಷಣವೇ ಇಲ್ಲದೆ ಮನೆಯಲ್ಲಿ ಕಲಿತ ಇವರು 1880ರಲ್ಲಿ ಗೀಜಾದ ಮಹಾ ಪಿರಮಿಡ್ಡನ್ನು ಅಳೆಯಲು ಈಜಿಪ್ಟಿಗೆ ಹೋದರು. ಆ ಕಾಲದ ಉತ್ಖನನಕಾರರಿಗೆ ಬೇಕಾಗಿದ್ದದ್ದು ವಿಗ್ರಹ ಮತ್ತು ಶಾಸನ. ಮಣ್ಣಿನ ಪಾತ್ರೆ ಕಂಡರೆ ಗುದ್ದಲಿಯಿಂದ ಬದಿಗೆ ಸರಿಸಿಬಿಡುತ್ತಿದ್ದರು. ಪೀಟ್ರಿ ಮಾಡಿದ್ದು ಇದಕ್ಕೆ ತಿರುವುಮುರುವು. ಬೇರೆಯವರು ಕಸವೆಂದು ಬಿಟ್ಟದ್ದನ್ನು ಎತ್ತಿಕೊಂಡು, ಅದು ಯಾವ ಊರಿನ ಯಾವ ಸಮಾಧಿಯಲ್ಲಿ ಸಿಕ್ಕಿತು, ಅದರ ಪಕ್ಕದಲ್ಲಿ ಇನ್ನೇನಿತ್ತು ಎಂದು ಬರೆದಿಟ್ಟರು. ಮ್ಯೂಸಿಯಂನ ಪಾತ್ರೆಗಳ ಮೇಲೆ ಇಂದಿಗೂ ಕಪ್ಪು ಮಸಿಯಲ್ಲಿ ಬರೆದ ಅಂಕಿ ಅಕ್ಷರಗಳು ಕಾಣುತ್ತವೆ. ಅದು ಆ ಪಾತ್ರೆ ಸಿಕ್ಕ ಸಮಾಧಿಯ ಸಂಖ್ಯೆ. ನೋಡುವವರು ಅದನ್ನು ಕಲೆಯೆಂದೋ ಯಾರೋ ಗೀಚಿದ್ದೆಂದೋ ತಿಳಿದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಮ್ಯೂಸಿಯಂನಲ್ಲಿ ಅತಿ ಮುಖ್ಯವಾದ ಬರಹ ಅದೇ. ಪಾತ್ರೆ ತನ್ನ ವಿಳಾಸವನ್ನು ಕಳೆದುಕೊಂಡರೆ ಅಂದಚಂದ ಉಳಿಯಬಹುದು, ಚರಿತ್ರೆ ಉಳಿಯುವುದಿಲ್ಲ.

ಈ ವಿಳಾಸದಿಂದ ಏನು ಸಾಧ್ಯವಾಯಿತು ಎಂಬುದನ್ನು ಮಡಕೆಗಳ ಬೀರುಗಳ ಮುಂದೆ ನಿಂತು ಅರ್ಥ ಮಾಡಿಕೊಳ್ಳಬೇಕು. 1894-95ರಲ್ಲಿ ನಕಾದ ಎಂಬಲ್ಲಿ ಪೀಟ್ರಿಯವರ ತಂಡ ಎರಡು ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ತೆರೆಯಿತು. ಒಂದರಲ್ಲೂ ಬರಹವಿಲ್ಲ, ರಾಜನ ಹೆಸರಿಲ್ಲ. ಸಿಕ್ಕ ಪಾತ್ರೆಗಳು ಈಜಿಪ್ಟಿನಲ್ಲಿ ಅದುವರೆಗೆ ಕಂಡಿದ್ದ ಯಾವುದಕ್ಕೂ ಹೋಲುತ್ತಿರಲಿಲ್ಲ. ಇವರು ಹೊರಗಿನಿಂದ ನುಗ್ಗಿ ಬಂದ ಹೊಸ ಜನಾಂಗ ಎಂದು ಪೀಟ್ರಿ ಮೊದಲು ಭಾವಿಸಿದರು. ಇವರು ಹೊರಗಿನವರಲ್ಲ, ಫೇರೋಗಳಿಗಿಂತ ಮುಂಚೆ ಅಲ್ಲಿಯೇ ಇದ್ದವರು ಎಂದು ಫ್ರಾನ್ಸಿನ ಜಾಕ್ ದ ಮೊರ್ಗಾನ್ ತೋರಿಸಿಕೊಟ್ಟರು. ಪೀಟ್ರಿ ಕೊನೆಗೆ ಅದನ್ನು ಒಪ್ಪಿದರು. ಹಾಗಾದರೆ ಬರಹವೇ ಇಲ್ಲದ ಜನರ ಸಮಾಧಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಹೇಗೆ?

ಅವರ ಕಣ್ಣು ಒಂದು ಬಗೆಯ ಹೂಜಿಯ ಮೇಲೆ ಬಿತ್ತು. ಅದರ ಎರಡು ಪಕ್ಕಗಳಲ್ಲಿ ಅಲೆಯಲೆಯಾಗಿ ಒತ್ತಿದ ಹಿಡಿಗಳಿದ್ದವು. ಕೆಲವು ಹೂಜಿಗಳಲ್ಲಿ ಹಿಡಿ ದಪ್ಪವಾಗಿ, ಕೈಗೆ ಸಿಗುವಂತಿತ್ತು. ಇನ್ನು ಕೆಲವದರಲ್ಲಿ ಅದು ಚಪ್ಪಟೆಯಾಗಿ, ಹಿಡಿಯಲು ಬಾರದ ಬರೀ ಅಲಂಕಾರವಾಗಿತ್ತು. ಮತ್ತೂ ಕೆಲವದರಲ್ಲಿ ಹೂಜಿಯೇ ಸಪೂರಗೊಂಡು, ಹಿಡಿ ಇದ್ದ ಜಾಗದಲ್ಲಿ ಸುತ್ತಲೂ ಒಂದು ಗೆರೆ ಮಾತ್ರ ಉಳಿದಿತ್ತು. ಉಪಯೋಗಕ್ಕೆಂದು ಹುಟ್ಟಿದ ಹಿಡಿ ಕಾಲಕ್ರಮದಲ್ಲಿ ಗೆರೆಯಾಗಿ ಸವೆದಿದೆ ಎಂದು ಅವರು ಊಹಿಸಿ, ಆ ಸಾಲನ್ನು ಬೆನ್ನೆಲುಬಾಗಿಟ್ಟುಕೊಂಡರು. ಚೆನ್ನಾಗಿ ಉಳಿದಿದ್ದ ಸುಮಾರು 900 ಸಮಾಧಿಗಳನ್ನು ಆರಿಸಿ, ಒಂದೊಂದಕ್ಕೂ ಒಂದು ರಟ್ಟಿನ ಪಟ್ಟಿ ಮಾಡಿ, ಆ ಸಮಾಧಿಯಲ್ಲಿದ್ದ ಪಾತ್ರೆಗಳ ಬಗೆಗಳನ್ನು ಅದರ ಮೇಲೆ ಗುರುತಿಸಿದರು. ಅನಂತರ ಒಂದೇ ಬಗೆಯವು ಆದಷ್ಟು ಹತ್ತಿರ ಹತ್ತಿರ ಬರುವವರೆಗೂ ಆ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತ ಹೋದರು. ತಾರೀಖು ಬರೆಯದ ಹಳೆಯ ಮದುವೆ ಫೋಟೋಗಳನ್ನು ಮನೆಯ ಹಿರಿಯರು ರವಿಕೆಯ ತೋಳು, ಸೀರೆಯ ಅಂಚು, ಸ್ಟುಡಿಯೋದ ಪರದೆ ನೋಡಿ ಹಿಂದಿನದು ಮುಂದಿನದು ಎಂದು ಜೋಡಿಸುತ್ತಾರಲ್ಲ, ಆ ವಿವೇಕವೇ ಇಲ್ಲಿ ಲೆಕ್ಕಾಚಾರದ ಶಿಸ್ತಿಗೆ ಒಳಪಟ್ಟಿದೆ. ಹೀಗೆ ಬಂದ ಅನುಕ್ರಮಕ್ಕೆ ಅವರು 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. 1ರಿಂದ ಏಕೆ ಆರಂಭಿಸಲಿಲ್ಲವೆಂದರೆ, ಇದಕ್ಕೂ ಹಳೆಯದು ಮುಂದೆ ಸಿಕ್ಕೀತು, ಅದಕ್ಕೆ ಜಾಗವಿರಲಿ ಎಂದು. ಸಿಕ್ಕಿತು ಕೂಡ: 1920ರ ದಶಕದಲ್ಲಿ ಬದಾರಿ ಎಂಬ ಊರಿನ ಉತ್ಖನನ ಅದಕ್ಕಿಂತ ಹಿಂದಿನ ಜನರನ್ನು ಬೆಳಕಿಗೆ ತಂದಿತು. ಪೀಟ್ರಿಯವರ ಕ್ರಮದ ವಿವರಗಳನ್ನು ಅನಂತರದವರು ತಿದ್ದಿದ್ದಾರೆ, ಮೂಲ ಉಪಾಯ ಇಂದಿಗೂ ಪುರಾತತ್ವದ ಮೊದಲ ಪಾಠಗಳಲ್ಲಿ ಒಂದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಲು ಅನುಮತಿ ಕೊಡಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ದಕ್ಷಿಣದ ಬೃಹತ್ ಶಿಲಾ ಸಮಾಧಿಗಳ ಕಾಲವನ್ನು ನಿರ್ಧರಿಸಲು ಅವರಿಗೆ ಆಧಾರವಾದದ್ದೂ ಮಡಕೆಯೇ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವಸ್ತುಗಳೊಂದಿಗೆ ಸಿಕ್ಕಿದ್ದ ಒಂದು ಬಗೆಯ ಪಾತ್ರೆಯ ಚೂರುಗಳು ಬ್ರಹ್ಮಗಿರಿಯಲ್ಲೂ ಸಿಕ್ಕಿದ್ದರಿಂದ, ಅವುಗಳನ್ನು ಹಿಡಿದು ಕೆಳಗಿನ ಪದರಗಳ ಲೆಕ್ಕ ಹಾಕಿದರು. ವೀಲರ್ ಓದಿದ್ದೂ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ. ಮಣ್ಣಿನ ಪದರಗಳನ್ನು ಪೀಟ್ರಿ ಸಾಕಷ್ಟು ಗಮನಿಸಲಿಲ್ಲ ಎಂದು ಅವರು ಕಟುವಾಗಿಯೇ ಟೀಕಿಸಿದ್ದಾರೆ. ಆ ಟೀಕೆ ಸರಿಯಾದದ್ದು. ಆದರೆ ಚೂರು ಮಡಕೆಗೆ ಕಾಲ ಹೇಳುವ ಶಕ್ತಿ ಇದೆ ಎಂಬ ನಂಬಿಕೆ ಇಬ್ಬರಿಗೂ ಸಮಾನ.

ಮ್ಯೂಸಿಯಂಗೆ ಮರಳೋಣ. ಅಲ್ಲಿ ಒಂದು ಬಟ್ಟೆಯಿದೆ. ಕೈರೋದಿಂದ ದಕ್ಷಿಣಕ್ಕಿರುವ ತಾರ್ಖಾನ್ ಎಂಬಲ್ಲಿ, 2050 ಎಂದು ಸಂಖ್ಯೆ ಕೊಟ್ಟಿದ್ದ ದೊಡ್ಡ ಸಮಾಧಿಯೊಂದನ್ನು ಪೀಟ್ರಿ 1913ರಲ್ಲಿ ಶೋಧಿಸಿದರು. ಕಳ್ಳರು ಅದನ್ನು ಬಹಳ ಹಿಂದೆಯೇ ದೋಚಿದ್ದರು. ಅಲ್ಲಿ ಮಣ್ಣು ಮೆತ್ತಿದ ಬಟ್ಟೆಯ ಗುಡ್ಡೆಯೊಂದು ಬಿದ್ದಿತ್ತು. ಪೀಟ್ರಿ ಅದನ್ನೂ ಕಟ್ಟಿ ಲಂಡನ್ನಿಗೆ ತಂದರು. ಅರವತ್ತಕ್ಕೂ ಹೆಚ್ಚು ವರ್ಷ ಯಾರೂ ಅದನ್ನು ಬಿಡಿಸಿ ನೋಡಲಿಲ್ಲ. 1977ರಲ್ಲಿ ಶುದ್ಧಗೊಳಿಸಲೆಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬಟ್ಟೆ ಸಂರಕ್ಷಕರಿಗೆ ಕಳುಹಿಸಿದಾಗ, ಆ ಗುಡ್ಡೆಯ ಒಳಗಿಂದ ಅಗಸೆ ನಾರಿನ ಒಂದು ಅಂಗಿ ಹೊರಬಂದಿತು. ಕುತ್ತಿಗೆ ಮುಂದೆ ಇಳಿಜಾರಾಗಿ ಚೂಪಾಗಿದೆ. ತೋಳುಗಳ ಮೇಲೂ ಭುಜದ ಮೇಲೂ ಸಣ್ಣ ಸಣ್ಣ ನೆರಿಗೆಗಳಿವೆ. ನೇಯ್ಗೆ ಎಷ್ಟು ನಯವೆಂದರೆ ಒಂದು ಸೆಂಟಿಮೀಟರಿನಲ್ಲಿ ಹಾಸಿನ ಎಳೆಗಳು ಇಪ್ಪತ್ತೆರಡು ಇಪ್ಪತ್ಮೂರು, ಹೊಕ್ಕಿನ ಎಳೆಗಳು ಹದಿಮೂರು ಹದಿನಾಲ್ಕು. ಕೆಳಭಾಗ ಹರಿದು ಹೋಗಿರುವುದರಿಂದ ಅದು ಎಷ್ಟು ಉದ್ದವಿತ್ತೆಂದು ಹೇಳಲಾಗದು.

ಆ ಗಾಜಿನ ಮುಂದೆ ನಿಂತಾಗ ಮೊಣಕೈ ಮತ್ತು ಕಂಕುಳಿನ ಭಾಗವನ್ನು ನೋಡಿ. ಅಲ್ಲಿ ಸುಕ್ಕುಗಳಿವೆ. ಸಮಾಧಿಗೆಂದು ಹೊಲಿಸಿ ಮಡಚಿಟ್ಟ ಹೊಸ ಬಟ್ಟೆಯಲ್ಲಿ ಅಂಥ ಸುಕ್ಕು ಬೀಳುವುದಿಲ್ಲ. ತೋಳು ಮಡಚಿ, ಕೈ ಎತ್ತಿ ಇಳಿಸಿ ಕೆಲಸ ಮಾಡಿದವರ ಬಟ್ಟೆಯಲ್ಲಿ ಬೀಳುತ್ತದೆ. ಅಂಗಿ ಸಿಕ್ಕಾಗ ಒಳಮೈ ಹೊರಗಾಗಿತ್ತು, ತಲೆಯ ಮೇಲಿಂದ ಎಳೆದು ಕಳಚಿದಾಗ ಆಗುವ ಹಾಗೆ. 2015ರಲ್ಲಿ ಅದರ ಸಣ್ಣದೊಂದು ಎಳೆಯನ್ನು ಆಕ್ಸ್‌ಫರ್ಡಿನಲ್ಲಿ ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಬಂದ ಕಾಲ ಕ್ರಿ.ಪೂ. 3482 ಮತ್ತು 3102ರ ನಡುವಿನದು. ಕತ್ತರಿಸಿ ಹೊಲಿದ ನೇಯ್ದ ಉಡುಪುಗಳಲ್ಲಿ ಇಷ್ಟು ಹಳೆಯದು ಜಗತ್ತಿನಲ್ಲಿ ಬೇರೆ ಸಿಕ್ಕಿಲ್ಲ. ಕಳ್ಳರಿಗೆ ಬೇಡವಾಗಿದ್ದ ಗುಡ್ಡೆಯನ್ನು ಒಬ್ಬ ಉತ್ಖನನಕಾರ ಸಂಖ್ಯೆ ಬರೆದು ಕಟ್ಟಿಟ್ಟಿದ್ದರಿಂದ ನಮಗೆ ಇದು ದಕ್ಕಿತು. ಅದೇ ಮ್ಯೂಸಿಯಂನಲ್ಲಿ ಕಾವ್ ಎಂಬಲ್ಲಿ ಸಿಕ್ಕ ಮಣಿಜಾಲದ ಉಡುಪೂ ಇದೆ, ಅದರ ಅಂಚಿಗೆ ಕಟ್ಟಿದ ಸಣ್ಣ ಚಿಪ್ಪುಗಳೂ ಇವೆ. ಫೋಟೋಗಳಲ್ಲಿ ಹೆಚ್ಚು ಮೆರೆಯುವುದು ಅದು. ನಾನು ಮಾತ್ರ ನಿಮ್ಮನ್ನು ತಾರ್ಖಾನಿನ ಸುಕ್ಕುಗಳ ಬಳಿಗೇ ಕಳುಹಿಸುತ್ತೇನೆ.

ಇನ್ನೊಂದು ವಸ್ತು ಇನ್ನೂ ಚಿಕ್ಕದು. ಕಣ್ಣಿಗೆ ತುಕ್ಕು ಹಿಡಿದ ಕಡ್ಡಿಯ ತುಂಡಿನಂತೆ ಕಾಣುವ ಮೂರು ಕೊಳವೆ ಮಣಿಗಳು. ಗೆರ್ಜಾ ಎಂಬ ಸ್ಮಶಾನದಲ್ಲಿ 1911ರಲ್ಲಿ ಇಂಥ ಒಂಬತ್ತು ಮಣಿಗಳು ಸಿಕ್ಕವು. ಅವು ಕಬ್ಬಿಣದವು, ಕಾಲ ಸುಮಾರು ಕ್ರಿ.ಪೂ. 3200. ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ವಿದ್ಯೆ ಈಜಿಪ್ಟಿಗೆ ಬಂದದ್ದು ಅದಾಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ನಂತರ. ಹಾಗಾದರೆ ಈ ಲೋಹ ಎಲ್ಲಿಂದ ಬಂತು? 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಣಿಗಳನ್ನು ಒಡೆಯದೆಯೇ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳಿಂದ ಪರೀಕ್ಷಿಸಿ ಅವುಗಳಲ್ಲಿರುವ ನಿಕಲ್, ಕೋಬಾಲ್ಟ್ ಮುಂತಾದವನ್ನು ಅಳೆದರು. ಅದು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವೆಂದು ಖಚಿತವಾಯಿತು. ಬಡಿದು ಬಡಿದು ತೆಳು ತಗಡು ಮಾಡಿ, ಆ ತಗಡನ್ನು ಸುರುಳಿ ಸುತ್ತಿ ಕೊಳವೆ ಮಾಡಿದ್ದರು. ಉಲ್ಕೆಯ ಕಬ್ಬಿಣ ಗಡಸು, ಬಿರುಕು ಬಿಡುವ ಸ್ವಭಾವದ್ದು. ಅದನ್ನು ತಗಡಾಗಿಸಬೇಕಾದರೆ ಕಾಯಿಸಿ ಬಡಿಯುವ ಹದ ಗೊತ್ತಿರಬೇಕು. ಅವನ್ನು ಪೋಣಿಸಿದ್ದ ಸರದಲ್ಲಿ ಚಿನ್ನ, ಕೆಂಪು ಕಾರ್ನೀಲಿಯನ್ ಕಲ್ಲು, ದೂರದ ಅಫ್ಘಾನಿಸ್ತಾನದಿಂದ ಬರುತ್ತಿದ್ದ ನೀಲಿ ಲಾಜವರ್ದವೂ ಇದ್ದವು. ಈ ಜೊತೆಯನ್ನು ಬರೆದಿಟ್ಟಿದ್ದರಿಂದಲೇ ಕಬ್ಬಿಣವನ್ನು ಆ ಜನ ಚಿನ್ನದ ಸಾಲಿನಲ್ಲಿಟ್ಟು ಕಾಣುತ್ತಿದ್ದರು ಎಂದು ಹೇಳಲು ನಮಗೆ ಸಾಧ್ಯ.

ಪಪೈರಸ್ ಹಾಳೆಗಳ ವಿಚಾರಕ್ಕೆ ಬರುತ್ತೇನೆ. 1889ರಲ್ಲಿ ಪೀಟ್ರಿ ಲಾಹೂನ್‌ನಲ್ಲಿ ಒಂದು ಊರನ್ನೇ ಅಗೆದು ತೆಗೆದರು. ಎರಡನೆಯ ಸೆನುಸ್ರೆತ್ ಎಂಬ ರಾಜನ ಪಿರಮಿಡ್ಡಿನ ಬಳಿ ಕಟ್ಟಿದ್ದ ಊರು ಅದು. ಒಂದು ಕಡೆ ಅಧಿಕಾರಿಗಳ ದೊಡ್ಡ ಮನೆಗಳು, ಇನ್ನೊಂದು ಕಡೆ ಸಣ್ಣ ಮನೆಗಳ ಸಾಲು. ಅಲ್ಲಿ ಸಿಕ್ಕ ಹಾಳೆಗಳಲ್ಲಿ ಒಂದು ಸುಮಾರು ಕ್ರಿ.ಪೂ. 1800ರ ವೈದ್ಯಗ್ರಂಥ. ಪೂರಾ ಹೆಂಗಸರ ಕಾಯಿಲೆಗಳಿಗೆ ಮೀಸಲಾದದ್ದು. ನೋವು ಎಲ್ಲೆಲ್ಲಿ ಎಂದು ಕೇಳಿ, ಇದು ಗರ್ಭಕೋಶದ ತೊಂದರೆ ಎಂದು ನಿರ್ಣಯಿಸಿ, ಮದ್ದು ಹೇಳುವ ಕ್ರಮ ಅದರಲ್ಲಿದೆ. ಬಸಿರು ನಿಲ್ಲುವುದೇ ಎಂದು ತಿಳಿಯುವ ಪರೀಕ್ಷೆಗಳೂ ಇವೆ. ನಮಗೆ ದೊರೆತಿರುವ ವೈದ್ಯಗ್ರಂಥಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಅದರ ಜೊತೆಯಲ್ಲಿ ದನಕರುಗಳ ಚಿಕಿತ್ಸೆಯ ಹಾಳೆ, ಲೆಕ್ಕದ ಹಾಳೆ, ಉಯಿಲು, ಕುಟುಂಬಗಳ ಪಟ್ಟಿ.

ಆ ಕುಟುಂಬದ ಪಟ್ಟಿಗಳನ್ನು ನಾನು ಮರೆಯಲಾರೆ. ಹೋರಿ ಎಂಬ ಸೈನಿಕನ ಮನೆ ಅದು. ಮೊದಲ ಪಟ್ಟಿಯಲ್ಲಿ ಇರುವವರು ಹೋರಿ, ಹೆಂಡತಿ ಶೆಪ್ಸೆತ್, ಕೂಸು ಸ್ನೆಫೆರು. ಅನಂತರದ ಪಟ್ಟಿಯಲ್ಲಿ ಹೋರಿಯ ತಾಯಿ ಮತ್ತು ತಂಗಿಯರು ಬಂದು ಸೇರಿಕೊಂಡಿದ್ದಾರೆ, ತಂದೆ ತೀರಿಕೊಂಡಿರಬೇಕು. ಇನ್ನೂ ಮುಂದಿನ ಪಟ್ಟಿಯಲ್ಲಿ ಹೋರಿಯ ಹೆಸರು ಯಜಮಾನನ ಜಾಗದಲ್ಲಿ ಇಲ್ಲ. ಸ್ನೆಫೆರುವೇ ಮನೆಯ ಯಜಮಾನ, ಅವನ ಆಶ್ರಯದಲ್ಲಿ ತಾಯಿ, ಅಜ್ಜಿ, ಸೋದರತ್ತೆಯರು. ಒಂದು ಮನೆಯ ಎರಡು ತಲೆಮಾರಿನ ಸುಖದುಃಖ ಸರ್ಕಾರಿ ಗುಮಾಸ್ತನೊಬ್ಬ ಕರ್ತವ್ಯಕ್ಕಾಗಿ ಬರೆದ ಕೆಲವು ಸಾಲುಗಳಲ್ಲಿ ಇದೆ. ಯಾವ ದೇವಾಲಯದ ಗೋಡೆಯೂ ನಮಗೆ ಇದನ್ನು ಹೇಳುವುದಿಲ್ಲ.

ಪಪೈರಸ್ ಎಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಈಜಿಪ್ಟಿನ ಹಳೆಯ ಊರಾದ ಆಕ್ಸಿರಿಂಕಸ್‌ನ ಗ್ರೀಕ್ ಪ್ರಹಸನ ನೆನಪಾಗಿರುತ್ತದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಯುವತಿಯ ಕಥೆಯಿರುವ ಆ ಪ್ರಹಸನದಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಸೂಚಿಸಿದರು. ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ಹಾಳೆ ಪೀಟ್ರಿ ಮ್ಯೂಸಿಯಂನಲ್ಲಿ ಇಲ್ಲ. ಆದರೆ ಆ ನಿವೇಶನಕ್ಕೆ 1896ರಲ್ಲಿ ಮೊದಲು ಕೈಹಾಕಿ, ಅದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಯುವ ವಿದ್ವಾಂಸರಿಗೆ ಒಪ್ಪಿಸಿ ಹೋದವರು ಪೀಟ್ರಿ. ಅಮೀಲಿಯಾ ಎಡ್ವರ್ಡ್ಸ್ ಕಟ್ಟಿದ ಸಂಸ್ಥೆಯ ಹಣದಿಂದಲೇ ಅಲ್ಲಿನ ಕೆಲಸ ನಡೆಯಿತು.

ಭಾರತದ ಮಾತು ಬಂದಿರುವುದರಿಂದ, ಅಹಿತವಾದ ಒಂದು ವಿಚಾರವನ್ನೂ ಹೇಳಲೇಬೇಕು. 1908ರಿಂದ ಈಜಿಪ್ಟಿನ ಹಳೆಯ ರಾಜಧಾನಿ ಮೆಂಫಿಸ್‌ನಲ್ಲಿ ಅಗೆದಾಗ ಪೀಟ್ರಿಯವರಿಗೆ ಸುಟ್ಟ ಮಣ್ಣಿನ ಸಣ್ಣ ತಲೆಗಳು ಬಹಳ ಸಿಕ್ಕವು. ಮೂಗು, ಹಣೆ, ಕೆನ್ನೆಗಳನ್ನು ನೋಡಿ ಇದು ಪರ್ಷಿಯದವನು, ಇದು ಸಿಥಿಯದವನು ಎಂದು ಅವರು ಹೆಸರಿಟ್ಟರು. ಕೆಲವನ್ನು ಭಾರತೀಯರೆಂದರು, ಮೆಂಫಿಸ್‌ನಲ್ಲಿ ಭಾರತೀಯರ ನೆಲೆಯೇ ಇತ್ತೆಂದು ವಾದಿಸಿದರು. ಕೇಳಲು ನಮಗೆ ಹಿತವಾಗಿದೆ. ಆದರೆ ಅಚ್ಚಿನಲ್ಲಿ ಒತ್ತಿದ ಮಣ್ಣಿನ ಮೂಗಿನಿಂದ ಜನಾಂಗವನ್ನು ಓದುವ ಆ ವಿಧಾನವೇ ತಪ್ಪು. ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಿ ಮೇಲುಕೀಳು ಮಾಡುವ ಫ್ರಾನ್ಸಿಸ್ ಗಾಲ್ಟನ್ನರ ಸಿದ್ಧಾಂತವನ್ನು ಪೀಟ್ರಿ ನಂಬಿದ್ದರು, ಅದಕ್ಕಾಗಿ ತಲೆಬುರುಡೆಗಳನ್ನು ಸಂಗ್ರಹಿಸಿದರು. ಪಾತ್ರೆಯ ವಿಚಾರದಲ್ಲಿ ಪಕ್ಕದಲ್ಲೇನಿತ್ತು ಎಂದು ಕೇಳಿದ ಅದೇ ವ್ಯಕ್ತಿ, ಮುಖದ ವಿಚಾರದಲ್ಲಿ ಆ ಪ್ರಶ್ನೆ ಕೇಳಲಿಲ್ಲ. ಭಾರತದ ಸರಕು ಈಜಿಪ್ಟಿಗೆ ಬಂದಿತ್ತೆಂಬುದಕ್ಕೆ ಬೇರೆ ಗಟ್ಟಿ ಸಾಕ್ಷ್ಯಗಳಿವೆ: ನಮ್ಮ ಪಶ್ಚಿಮ ಕರಾವಳಿಯ ಮೆಣಸು ಕೆಂಪು ಸಮುದ್ರದ ಬಂದರುಗಳಲ್ಲಿ ಇಳಿದು, ಒಂಟೆಗಳ ಮೇಲೆ ಮರಳುಗಾಡು ದಾಟಿ, ನೈಲ್ ದಂಡೆಯ ಕಾಪ್ಟೋಸ್ ಎಂಬ ಊರಿಗೆ ಬರುತ್ತಿತ್ತು. ಆ ಊರಿನ ಮಿನ್ ದೇವರ ಗುಡಿಯ ಸುಣ್ಣಕಲ್ಲಿನ ಉಬ್ಬುಶಿಲ್ಪ ಈ ಮ್ಯೂಸಿಯಂನಲ್ಲಿದೆ.

ಇಂದು ಕಿಫ್ತ್ ಎಂದು ಕರೆಯುವ ಅದೇ ಊರಿನ ಜನರ ಬಗ್ಗೆ ಒಂದು ಮಾತು. 1893-94ರಲ್ಲಿ ಪೀಟ್ರಿ ಅಲ್ಲಿ ಅಗೆದಾಗ ಊರವರನ್ನು ಕೆಲಸಕ್ಕೆ ಕರೆದು ತರಬೇತಿ ಕೊಟ್ಟರು. ಮಣ್ಣಿನ ಬಣ್ಣ ಬದಲಾದದ್ದನ್ನು ಕೈಬೆರಳಿನಿಂದಲೇ ಗುರುತಿಸುವ ನೈಪುಣ್ಯ ಅವರದಾಯಿತು. ಆ ಕಸುಬು ತಂದೆಯಿಂದ ಮಗನಿಗೆ ಇಳಿದು, ಈಜಿಪ್ಟಿನ ಉದ್ದಗಲಕ್ಕೂ ಉತ್ಖನನಗಳಿಗೆ ಕಿಫ್ತಿನವರು ಬೇಕೆಂಬಂತಾಯಿತು. ಸಿಕ್ಕ ಸಣ್ಣ ವಸ್ತುವಿಗೂ ಪೇಟೆಯ ಬೆಲೆಯನ್ನು ಕೆಲಸಗಾರರಿಗೇ ಕೊಡುವ ಪದ್ಧತಿಯನ್ನು ಪೀಟ್ರಿ ಇಟ್ಟುಕೊಂಡಿದ್ದರಿಂದ ಅವು ಕಳ್ಳಸಂತೆಗೆ ಹೋಗದೆ ಉಳಿದವು. ಮ್ಯೂಸಿಯಂನ ಎಷ್ಟೋ ಮಣಿಗಳನ್ನು ಮೊದಲು ಮುಟ್ಟಿದ ಕೈ ಅವರದು. ಬೀರುಗಳ ಚೀಟಿಗಳಲ್ಲಿ ಅವರ ಹೆಸರು ಸಿಗುವುದು ವಿರಳ, ಇದು ನನಗೆ ನೋವಿನ ಸಂಗತಿ.

ಇವೆಲ್ಲ ಲಂಡನ್ನಿಗೆ ಬಂದದ್ದು ಸರಿಯೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಅಗೆದು ಸಿಕ್ಕದ್ದರಲ್ಲಿ ಕೈರೋದ ಪುರಾತತ್ವ ಇಲಾಖೆ ತನಗೆ ಬೇಕಾದುದನ್ನು ಇಟ್ಟುಕೊಂಡು, ಉಳಿದುದನ್ನು ಅಗೆದವರಿಗೆ ಕೊಡುವ ಕಾನೂನು ಆಗ ಇತ್ತು. ಕಾಗದದ ಮೇಲೆ ಸರಿಯೇ. ಆದರೆ ಬ್ರಿಟನ್ ಈಜಿಪ್ಟನ್ನು ವಶಪಡಿಸಿಕೊಂಡದ್ದೂ 1882ರಲ್ಲೇ, ಇಲಾಖೆಯ ಮುಖ್ಯಸ್ಥರು ಫ್ರೆಂಚರು. ಈಜಿಪ್ಟಿನವರನ್ನು ಕೇಳಿ ಮಾಡಿದ ಕಾನೂನು ಅದಲ್ಲ. ಹೀಗೆ ಬಂದ ವಸ್ತುಗಳು ಹಣ ಕೊಟ್ಟ ಊರೂರುಗಳ ನೂರಾರು ಸಂಸ್ಥೆಗಳಿಗೆ ಹಂಚಿಹೋಗಿ, ಒಂದೇ ಸಮಾಧಿಯ ವಸ್ತುಗಳು ಖಂಡಾಂತರಗಳಲ್ಲಿ ಚದುರಿದವು. ವಸ್ತುವಿನ ಜೊತೆಯೇ ಅದರ ಅರ್ಥ ಎಂದು ಕಲಿಸಿದವರೇ ಆ ಜೊತೆಯನ್ನು ಒಡೆದರು. ಉಳಿದಿರುವ ಆಸರೆಯೆಂದರೆ ಮಸಿಯಲ್ಲಿ ಬರೆದ ಆ ಸಂಖ್ಯೆ ಮಾತ್ರ.

ಹೋಗುವವರಿಗೆ ಎರಡು ಮಾತು. ಮ್ಯೂಸಿಯಂ ದಿನವಿಡೀ ತೆರೆದಿರುವುದಿಲ್ಲ, ವಾರದ ಎಲ್ಲ ದಿನವೂ ಇರುವುದಿಲ್ಲ. ವೇಳೆ ವಿಚಾರಿಸಿಕೊಂಡು ಹೋಗಿ. ಜಾಗ ಚಿಕ್ಕದೆಂದು ಅರ್ಧ ಗಂಟೆ ಇಟ್ಟುಕೊಳ್ಳಬೇಡಿ, ಅರ್ಧ ದಿನ ಬೇಕು. ಹೋಗಲಾಗದವರು ಇಲ್ಲಿಂದಲೇ ನೋಡಬಹುದು: ಸಂಗ್ರಹದ ವಸ್ತುಗಳ ಪಟ್ಟಿಯನ್ನು ಚಿತ್ರಗಳೊಂದಿಗೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಒಂದೊಂದರ ಹೆಸರಿನೊಂದಿಗೆ ಅದು ಸಿಕ್ಕ ಊರೂ ಸಮಾಧಿಯೂ ದಾಖಲಾಗಿವೆ. ಗೆರ್ಜಾದ ಕಬ್ಬಿಣದ ಮಣಿಗಳಿಂದ ಆರಂಭಿಸಿ. ಒಂಬತ್ತರಲ್ಲಿ ಮೂರು ಅಲ್ಲಿ ಸಿಗುತ್ತವೆ, ಒಂದು ಮ್ಯಾಂಚೆಸ್ಟರ್ ಮ್ಯೂಸಿಯಂನ ಪಟ್ಟಿಯಲ್ಲಿ ಸಿಗುತ್ತದೆ. ಅವು ಸಿಕ್ಕ ಸಮಾಧಿಯ ಸಂಖ್ಯೆಯನ್ನು ಹಿಡಿದು ಉಳಿದ ವಸ್ತುಗಳನ್ನು ಹುಡುಕುತ್ತ ಹೋಗಿ, ಸಿಕ್ಕದ್ದನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ.